ದಿನಕ್ಕೆ 14 ಇದ್ದ ಝಳ 3ಕ್ಕೆ ಇಳಿಯಿತು: ನನ್ನ ಅನುಭವ

ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ 14 ಗೆರೆಗಳಿವೆ. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೆಲ್ಲ ಥಟ್ಟನೆ ಕಾವೇರಿ ಬೆವರುವುದೇ ಝಳ, ಒಂದು ಝಳಕ್ಕೆ ಒಂದು ಗೆರೆ. ಅದರಲ್ಲಿ 6 ಕೆಂಪು ಶಾಯಿಯವು. ಕೆಂಪು ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲಬೇಕಾದಷ್ಟು ಜೋರಾಗಿ ಬಂದ ಝಳ. ಹೋದ ವಾರದ ಪುಟದಲ್ಲಿ ದಿನಕ್ಕೆ 3 ಗೆರೆ, ಎಲ್ಲಾ ನೀಲಿ. ಹಾರ್ಮೋನ್ ತಗೊಂಡಿಲ್ಲ, ಬೇರೆ ಮಾತ್ರೆಯೂ ಇಲ್ಲ, ಮುಖ್ಯವಾಗಿ ಊಟ ಬದಲಿಸಿದೆ. ಊಟದಿಂದ ಇದೆಲ್ಲ ಆಗುವ ಮಾತಲ್ಲ ಅಂತ ಅಂದವರು ನಾಲ್ಕು ಜನ. ಅವರಲ್ಲಿ ಇಬ್ಬರು ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ನನಗೀಗ 52. ಮುಟ್ಟು ನಿಂತು ಮೂರು ವರ್ಷದ ಮೇಲಾಯಿತು. ಝಳ ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮುಂಚೆ. ತಾನಾಗಿ ಹೋಗುತ್ತೆ, ಒಂದೆರಡು ವರ್ಷ ತಡ್ಕೋ ಅಂತ ಎಲ್ಲರೂ ಹೇಳಿದರು. ನಾನೂ ನಂಬಿ ಕಾದೆ. ಆಮೇಲೆ ಅಮೆರಿಕದ ಸ್ವಾನ್ ಅಧ್ಯಯನದ ಬಗ್ಗೆ ಓದಿದೆ. ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಪದೇ ಪದೇ ಝಳ ಬರುವವರಲ್ಲಿ ಅರ್ಧದಷ್ಟು ಜನಕ್ಕೆ ಇದು 7 ವರ್ಷಕ್ಕಿಂತ ಜಾಸ್ತಿ ಕಾಡುತ್ತದಂತೆ. ಅವತ್ತೇ ಕಾಯುವುದು ಬಿಟ್ಟೆ.

ಝಳಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆಯೇ. ಅದು ಸರಿಹೊಂದುವವರಿಗೆ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ನನಗೆ ಹಿಂದೊಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಾಗಾಗಿ ಆ ದಾರಿ ಬೇಡ ಅಂತ ಡಾಕ್ಟರೂ ನಾನೂ ಕೂತು ತೀರ್ಮಾನ ಮಾಡಿದೆವು.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದಲ್ಲಿ ಸುಮಾರು ಒಂದೂವರೆ ತಿಂಗಳ ಸಂಬಳ ನೀರಿನಂತೆ ಹರಿದುಹೋಯಿತು. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ನಾಲ್ಕು ತಿಂಗಳು ನುಂಗಿದೆ. ಏನೂ ಆಗಲಿಲ್ಲ. ಬ್ಲ್ಯಾಕ್ ಕೊಹೊಶ್ ಅನ್ನುವ ಗಿಡಮೂಲಿಕೆ ಎರಡು ತಿಂಗಳು. ಕೆಲವರಿಗೆ ಅದರಿಂದ ಲಿವರ್‌ಗೆ ಪೆಟ್ಟು ಬಿದ್ದಿದೆ ಅಂತ ಓದಿದ ದಿನವೇ ಡಬ್ಬಿ ಕಸದ ಬುಟ್ಟಿಗೆ ಹೋಯಿತು. ಆ ಡಬ್ಬಿ ಇನ್ನೂ ಅರ್ಧ ತುಂಬಿತ್ತು. ತಂಪು ಕೊಡುವ ಜೆಲ್ ದಿಂಬು ತಗೊಂಡೆ. ಅದು ತಂಪಾಗಿರುವುದು ಮೊದಲ ಇಪ್ಪತ್ತು ನಿಮಿಷ. ಆಮೇಲೆ ನನ್ನ ಕಾವನ್ನೇ ಹೀರಿಕೊಂಡು ನನಗೇ ವಾಪಸ್ ಕೊಡುತ್ತಿತ್ತು. ಕುತ್ತಿಗೆಗೆ ಹಾಕಿಕೊಳ್ಳುವ ಫ್ಯಾನ್ ಕೂದಲಿಗೆ ಸಿಕ್ಕಿಕೊಂಡಿತು. ಅಗಸೆ ಬೀಜದ ಪುಡಿ ಮಾತ್ರ ಅಗ್ಗದ್ದು. ದಿನಾ ಎರಡು ಚಮಚ, ಮೂರು ತಿಂಗಳು. ಮಲಬದ್ಧತೆ ಹೋಯಿತು, ಝಳ ಎಲ್ಲೂ ಹೋಗಲಿಲ್ಲ. ಮೇಯೋ ಕ್ಲಿನಿಕ್‌ನವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಅಗಸೆಗೂ ಅಗಸೆಯೇ ಇಲ್ಲದ ಸುಳ್ಳು ಮದ್ದಿಗೂ ವ್ಯತ್ಯಾಸ ಕಂಡಿರಲಿಲ್ಲ. ಮೊದಲೇ ಗೊತ್ತಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ತಣ್ಣೀರು ಸ್ನಾನದ ಪಾಠ ಬೇರೆ ಥರದ್ದು. ಝಳ ಬಂದ ಕೂಡಲೇ ತಣ್ಣೀರಿಗೆ ಮೈಯೊಡ್ಡುತ್ತಿದ್ದೆ. ಆ ಕ್ಷಣಕ್ಕೆ ಹಾಯ್ ಅನಿಸುತ್ತಿತ್ತು. ಹತ್ತು ನಿಮಿಷಕ್ಕೆ ನಡುಕ, ಅದಕ್ಕೆ ಸ್ವೆಟರ್. ಸ್ವೆಟರ್ ಹಾಕಿದ ಅರ್ಧ ಗಂಟೆಗೆ ಮತ್ತೆ ಝಳ. ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗಲೇ ನನಗೆ ದಾರಿ ಸಿಕ್ಕಿದ್ದು.

ನಮ್ಮ ಮೆದುಳಿನಲ್ಲಿ ಮೈಯ ಕಾವು ನೋಡಿಕೊಳ್ಳುವ ಜಾಗ ಒಂದಿದೆ, ಹೈಪೋಥಲಾಮಸ್. ಮೊದಲೆಲ್ಲ ಮೈ ಕಾವು ಸ್ವಲ್ಪ ಏರಿದರೂ ಇಳಿದರೂ ಅದು ಸುಮ್ಮನಿರುತ್ತಿತ್ತು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾದ ಮೇಲೆ ಆ ಸಹನೆ ತೀರಾ ಕಿರಿದಾಗುತ್ತದೆ. ಕಾವು ಒಂದಿಷ್ಟೇ ಏರಿದರೂ ಬೆವರಿಸು, ರಕ್ತವನ್ನು ಚರ್ಮಕ್ಕೆ ನುಗ್ಗಿಸು ಅನ್ನುತ್ತದೆ. ಒಂದಿಷ್ಟು ಇಳಿದರೆ ನಡುಗಿಸುತ್ತದೆ. ಇದನ್ನು ಅಳೆದು ತೋರಿಸಿದವರು ರಾಬರ್ಟ್ ಫ್ರೀಡ್‌ಮನ್ ಅನ್ನುವ ಸಂಶೋಧಕರು. ನುಂಗಿದರೆ ಒಳಗಿನ ಉಷ್ಣತೆ ಹೇಳುವ ಪುಟ್ಟ ಸಾಧನವನ್ನು ಬಳಸಿದ್ದರು. ನಾನೂ ಕಿವಿಗೆ ಇಡುವ ಥರ್ಮಾಮೀಟರ್ ಹಿಡಿದು ಒಂದು ವಾರ ಅಳೆದೆ. ಆ ಏರಿಕೆ ಅಷ್ಟು ಸಣ್ಣದು, ನಮ್ಮ ಥರ್ಮಾಮೀಟರ್‌ಗೆ ಸಿಗುವುದೇ ಇಲ್ಲ. ಆದರೆ ಒಂದು ವಿಷಯ ಮನಸ್ಸಿಗೆ ನಾಟಿತು. ಝಳ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಮೈ ಕಾವು ಥಟ್ಟನೆ ಏರದ ಹಾಗೆ ದಿನವಿಡೀ ನೋಡಿಕೊಳ್ಳಬೇಕು.

ಇದೇ ಹೊತ್ತಿಗೆ 2021ರ ಒಂದು ಪ್ರಯೋಗ ಕಣ್ಣಿಗೆ ಬಿತ್ತು. ಅಮೆರಿಕದ ವೈದ್ಯ ನೀಲ್ ಬರ್ನಾರ್ಡ್ ಅವರ ತಂಡದ್ದು. ಎಣ್ಣೆ ಜಿಡ್ಡು ತೀರಾ ಕಡಿಮೆ ಇರುವ ಪೂರ್ತಿ ಸಸ್ಯಾಹಾರ, ಹಾಲೂ ಇಲ್ಲ. ಜೊತೆಗೆ ದಿನಾ ಅರ್ಧ ಕಪ್ ಬೇಯಿಸಿದ ಸೋಯಾ ಕಾಳು. 12 ವಾರ. ಜೋರಾದ ಮತ್ತು ಮಧ್ಯಮ ಝಳಗಳು ನೂರಕ್ಕೆ 84ರಷ್ಟು ಇಳಿದವು. ಏನೂ ಬದಲಿಸದ ಗುಂಪಿನಲ್ಲೂ 42ರಷ್ಟು ಇಳಿದಿತ್ತು ಅನ್ನುವುದನ್ನೂ ಮರೆಯಬಾರದು. ಭಾಗವಹಿಸಿದವರು ನಲವತ್ತಕ್ಕೂ ಕಡಿಮೆ. ಸಣ್ಣ ಪ್ರಯೋಗ. ಆದರೂ ನನಗೆ ಆಸೆ ಹುಟ್ಟಿತು.

ಡಾಕ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ ಅನ್ನುವ ತಜ್ಞರ ಸಂಘ 2023ರಲ್ಲಿ ಹೊರಡಿಸಿದ ಹೇಳಿಕೆ. ಸೋಯಾ, ಆಹಾರ ಬದಲಾವಣೆ, ವ್ಯಾಯಾಮ, ಯೋಗ, ಗಿಡಮೂಲಿಕೆ ಎಲ್ಲವೂ ಶಿಫಾರಸು ಮಾಡದವುಗಳ ಪಟ್ಟಿಯಲ್ಲಿ. "ನೋಡಿ ಮೇಡಂ, ನೀವು ಹೇಳುವ ಎಲ್ಲವೂ ಇಲ್ಲಿದೆ" ಅಂದರು. ನಾನೂ ಪಟ್ಟಿಯನ್ನು ನಿಧಾನವಾಗಿ ಓದಿದೆ. ತೂಕ ಇಳಿಸುವುದು ಮತ್ತು ಸಿಬಿಟಿ ಅನ್ನುವ ಮನಸ್ಸಿನ ತರಬೇತಿ, ಇವೆರಡೂ ಶಿಫಾರಸು ಮಾಡುವ ಕಡೆಯೇ ಇದ್ದವು. ಹಾಗಾದರೆ ಸೋಯಾ ಊಟ, ತೂಕ, ಸಿಬಿಟಿ ಮೂರನ್ನೂ ಸೇರಿಸಿ 12 ವಾರ ಮಾಡುತ್ತೇನೆ ಅಂದೆ. ತೊಂದರೆ ಇಲ್ಲ, ಆದರೆ ಆಸೆ ಜಾಸ್ತಿ ಇಟ್ಕೋಬೇಡಿ ಅಂದರು. ತಂಗಿಯಂತೂ "ಅಕ್ಕಾ, ಸುಮ್ನೆ ಇನ್ನೊಂದು ದಂಡ" ಅಂದಳು. ಈ ಸಲ ಖರ್ಚು ಒಂದು ಚೀಲ ಕಾಳು ಮತ್ತು ಎರಡು ಬಣ್ಣದ ಪೆನ್ನು ಮಾತ್ರ ಅಂತ ಅವಳಿಗೆ ಹೇಳಿದೆ. ಹಾಗೆಯೇ ಆಯಿತು. ದಿಂಬಿನ ದುಡ್ಡಿನಲ್ಲಿ ಮೂರು ತಿಂಗಳ ಸೋಯಾ ಬಂತು.

ಮೊದಲ ವಾರ ಪೂರ್ತಿ ಸೋತೆ. ಕಾಳು ನಾಲ್ಕು ಗಂಟೆ ನೆನೆಸಿ ಬೇಯಿಸಿದ್ದೆ. ಹಸಿ ವಾಸನೆ, ಕಲ್ಲಿನ ಹಾಗೆ ಗಟ್ಟಿ. ತಿಂದ ಮೇಲೆ ಹೊಟ್ಟೆ ತಮಟೆ. ಮೂರನೇ ದಿನ ಆಫೀಸಿನಲ್ಲಿ ಕೂರಲಾಗಲಿಲ್ಲ. ಬಿಟ್ಟೇಬಿಡೋಣ ಅನಿಸಿತ್ತು. ಎರಡನೇ ವಾರ ವಿಧಾನ ಬದಲಿಸಿದೆ. ರಾತ್ರಿಯಿಡೀ ನೆನೆಸುತ್ತೇನೆ, ಹತ್ತು ಹನ್ನೆರಡು ಗಂಟೆ. ಮಧ್ಯೆ ಒಂದು ಸಲ ನೀರು ಚೆಲ್ಲಿ ಹೊಸ ನೀರು. ಬೆಳಿಗ್ಗೆ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಪಾತ್ರೆ ತುಂಬಾ ನೀರು ಹಾಕಿದರೆ ಸಿಪ್ಪೆ ಮೇಲೆ ತೇಲುತ್ತದೆ, ಬಗ್ಗಿಸಿ ಚೆಲ್ಲಬಹುದು. ಆಮೇಲೆ ಹೊಸ ನೀರಿನಲ್ಲಿ ಕುಕ್ಕರ್. ಎರಡು ಬೆರಳಿನ ಮಧ್ಯೆ ಒತ್ತಿದರೆ ಬೆಣ್ಣೆಯ ಹಾಗೆ ಹಿಚುಕಬೇಕು. ಅಲ್ಲಿಯವರೆಗೆ ಬೆಂದಿಲ್ಲ ಅಂತಲೇ ಲೆಕ್ಕ. ಮೊದಲು ದಿನಾ ಎರಡು ಚಮಚ, ಎರಡು ವಾರದಲ್ಲಿ ಅರ್ಧ ಕಪ್‌ಗೆ ಏರಿಸಿದೆ. ಹೊಟ್ಟೆ ಒಪ್ಪಿಕೊಂಡಿತು. ಒಣ ಕಾಳಿನ ಲೆಕ್ಕದಲ್ಲಿ ಅದು 40 ಗ್ರಾಂ ಹತ್ತಿರ. ಕಾಳು ಬೇಯುವಾಗ ನಾನು ಎರಡು ಪದಾರ್ಥ ಹಾಕುತ್ತೇನೆ. ವಾಸನೆ ಪೂರ್ತಿ ಹೋಗುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ತಂಗಿಗೂ ಇನ್ನೂ ಹೇಳಿಲ್ಲ.

ಉಳಿದ ಊಟದಲ್ಲಿ ಕರಿದದ್ದು ನಿಲ್ಲಿಸಿದೆ, ಎಣ್ಣೆ ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಹಾಲು ಪೂರ್ತಿ ಬಿಡಲು ಆಗಲಿಲ್ಲ, ಕಾಫಿಗೆ ಸ್ವಲ್ಪ ಉಳಿಸಿಕೊಂಡೆ. ರಾತ್ರಿ ಊಟ ಏಳೂವರೆಗೆ, ಅದೂ ಹಗುರ. ಹೊಟ್ಟೆ ಬಿರಿಯುವ ಹಾಗೆ ಉಂಡ ರಾತ್ರಿಗಳಲ್ಲಿ ಎರಡು ಗಂಟೆಯ ಝಳ ತಪ್ಪುತ್ತಿರಲಿಲ್ಲ. 12 ವಾರಕ್ಕೆ ನಾಲ್ಕೂವರೆ ಕಿಲೋ ಇಳಿದೆ. ನಡಿಗೆ ದಿನಾ 40 ನಿಮಿಷ. ನಡಿಗೆಯಿಂದ ಝಳದ ಸಂಖ್ಯೆ ಇಳಿಯಿತು ಅಂತ ನನ್ನ ನೋಟ್‌ಬುಕ್ ಹೇಳುವುದಿಲ್ಲ, ನಿದ್ದೆ ಮಾತ್ರ ಚೆನ್ನಾಯಿತು.

ಗೆರೆಗಳ ಕಥೆ ನೆನಪಿನಿಂದ ಹೇಳುತ್ತೇನೆ. ಮೂರನೇ ವಾರದ ಕೊನೆಗೂ 13, 14. ಇಲ್ಲಿಯೇ ಎಲ್ಲರೂ ಬಿಡುವುದು. ಐದನೇ ವಾರ 11. ಏಳನೇ ವಾರ ಒಂದು ದಿನ ಕೆಂಪು ಗೆರೆಯೇ ಇರಲಿಲ್ಲ. ಪೆನ್ನು ಕಳೆದುಹೋಗಿದೆಯಾ ಅಂತ ಮನೆಯವರು ಕೇಳಿದರು, ಅಷ್ಟು ದಿನದಿಂದ ನೋಡುತ್ತಿದ್ದರು. ಒಂಬತ್ತನೇ ವಾರ ಮದುವೆ ಮನೆ, ಎರಡು ದಿನ ಸೋಯಾ ಇಲ್ಲ, ನಿದ್ದೆ ಇಲ್ಲ, ಮತ್ತೆ 10. ಹನ್ನೆರಡಕ್ಕೆ 5. ಈಗ 3.

ಮಧ್ಯೆ ಕಾಫಿಯ ಮೇಲೆ ಒಂದು ಪ್ರಯೋಗ ಮಾಡಿದೆ. ಕಾಫಿ ಬಿಡಿ ಅಂತ ಎಲ್ಲರೂ ಹೇಳುತ್ತಾರಲ್ಲ, ನನಗೆ ಬಿಡಲು ಮನಸ್ಸಿರಲಿಲ್ಲ. ಒಂದು ವಾರ ಎಂದಿನಂತೆ ಸುಡುಸುಡು ಕಾಫಿ. ಒಂದು ವಾರ ಅದೇ ಕಾಫಿ, ಪೂರ್ತಿ ಆರಿಸಿ. ಒಂದು ವಾರ ಬರೀ ಸುಡುವ ನೀರು. ಕುಡಿದ ಅರ್ಧ ಗಂಟೆಯೊಳಗೆ ಬಂದ ಝಳ ಮಾತ್ರ ಎಣಿಸಿದೆ. ಸುಡು ಕಾಫಿಗೆ ಒಂಬತ್ತೋ ಹತ್ತೋ, ಸುಡುವ ನೀರಿಗೆ ಎಂಟು, ಆರಿದ ಕಾಫಿಗೆ ಮೂರು. ನನ್ನ ಮೈಗೆ ತೊಂದರೆ ಕೊಡುತ್ತಿದ್ದದ್ದು ಕಾಫಿಗಿಂತ ಜಾಸ್ತಿ ಅದರ ಬಿಸಿ. ಈಗ ಲೋಟಕ್ಕೆ ಸುರಿದು ಹತ್ತು ನಿಮಿಷ ಬಿಟ್ಟು ಕುಡಿಯುತ್ತೇನೆ. ಖಾರವನ್ನೂ ಹೀಗೇ ಪರೀಕ್ಷಿಸಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಒಂದು ತಿಂಗಳು ಸಪ್ಪೆ ತಿಂದದ್ದು ವ್ಯರ್ಥವಾಯಿತು.

ಸಿಬಿಟಿ ವಿಷಯಕ್ಕೆ ಬರುತ್ತೇನೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮೈರಾ ಹಂಟರ್ ಅವರ ತಂಡ ಝಳಕ್ಕೆ ಈ ವಿಧಾನವನ್ನು ವರ್ಷಗಳ ಕಾಲ ಪರೀಕ್ಷಿಸಿದೆ. ಇದರಿಂದ ಮುಖ್ಯವಾಗಿ ಕಡಿಮೆಯಾಗುವುದು ಝಳ ಕೊಡುವ ಕಾಟ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಮೀಟಿಂಗ್ ಮಧ್ಯೆ ಕಿವಿ ಕೆಂಪಾದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ಆ ಗಾಬರಿಗೆ ಝಳ ಇನ್ನೂ ಜೋರು. ಒಂದು ದಿನ ಪಕ್ಕದಲ್ಲಿ ಕೂತಿದ್ದವರನ್ನು ಕೇಳಿಯೇಬಿಟ್ಟೆ, ಈಗ ನನ್ನ ಮುಖದಲ್ಲಿ ಏನಾದರೂ ಕಂಡಿತಾ ಅಂತ. ಏನಿಲ್ವಲ್ಲ, ಯಾಕೆ ಅಂದರು. ಕುಪ್ಪಸದ ಬೆನ್ನು ಒದ್ದೆಯಾಗಿದ್ದ ಹೊತ್ತು ಅದು! ಅಲ್ಲಿಂದ ಝಳ ಬಂದರೆ ಭುಜ ಇಳಿಬಿಟ್ಟು, ಹೊಟ್ಟೆಯಿಂದ ನಿಧಾನ ಉಸಿರು ಬಿಡುತ್ತಾ, ಮನಸ್ಸಿನಲ್ಲೇ ಒಂದು ಸಾಲು ಹೇಳಿಕೊಳ್ಳುತ್ತೇನೆ. ಆ ಸಾಲು ನನ್ನದು, ನನ್ನಲ್ಲೇ ಇರಲಿ. ನಿಮ್ಮದನ್ನು ನೀವೇ ಕಟ್ಟಿಕೊಳ್ಳಿ.

ರಾತ್ರಿಗೆ ದಪ್ಪ ಹೊದಿಕೆ ಒಂದರ ಬದಲು ತೆಳ್ಳನೆಯವು ಎರಡು. ಝಳ ಬಂದಾಗ ಮೇಲಿನದನ್ನು ಮಾತ್ರ ಸರಿಸುತ್ತೇನೆ, ಪೂರ್ತಿ ಎಸೆಯುವುದಿಲ್ಲ. ಎಸೆದರೆ ಚಳಿ, ಚಳಿಗೆ ಮತ್ತೆ ಮುಸುಕು, ಮುಸುಕಿಗೆ ಮತ್ತೆ ಝಳ.

ಕಾಲ ಕಳೆದ ಹಾಗೆ ತಾನಾಗಿ ಇಳಿದಿರಬಹುದಲ್ವಾ ಅಂತ ಡಾಕ್ಟರ್ ಕೇಳಿದರು. ಝಳದ ಪ್ರಯೋಗಗಳಲ್ಲಿ ಸುಳ್ಳು ಮಾತ್ರೆ ಕೊಟ್ಟವರಿಗೂ ತುಂಬಾ ಇಳಿಯುತ್ತದೆ, ಆದ್ದರಿಂದ ಕೇಳಬೇಕಾದ ಪ್ರಶ್ನೆಯೇ ಅದು. ಹಾಗಾಗಿ ಬೇರೆಲ್ಲ ಹಾಗೇ ಇಟ್ಟು ಸೋಯಾ ಮಾತ್ರ ಮೂರು ವಾರ ನಿಲ್ಲಿಸಿದೆ. ಮೊದಲ ವಾರ 4, ಎರಡನೇ ವಾರ 6, ಮೂರನೇ ವಾರ 8, ಅದರಲ್ಲಿ ಎರಡು ಕೆಂಪು. ಮತ್ತೆ ಶುರುಮಾಡಿದೆ, ತಿಂಗಳಲ್ಲಿ 4ಕ್ಕೆ ಬಂತು. ಒಬ್ಬಳ ಲೆಕ್ಕ, ಏನು ತಿನ್ನುತ್ತಿದ್ದೇನೆ ಅಂತ ನನಗೇ ಗೊತ್ತಿದ್ದ ಲೆಕ್ಕ. ಆದರೂ ಡಾಕ್ಟರ್ ನೋಟ್‌ಬುಕ್ ತಗೊಂಡು ಎರಡು ಸಲ ತಿರುವಿ ನೋಡಿದರು. ಈ ಥರ ಬರೆದಿಟ್ಟವರು ನನ್ನ ಹತ್ತಿರ ಯಾರೂ ಬಂದಿಲ್ಲ ಅಂದರು. ಆ ಮಾತು ನನಗೆ ಹೆಮ್ಮೆ.

ಸೋಯಾದಲ್ಲಿರುವ ಡೈಡ್ಜೀನ್ ಅನ್ನುವ ಅಂಶವನ್ನು ಈಸ್ಟ್ರೋಜನ್ ಥರ ಕೆಲಸ ಮಾಡುವ ಈಕ್ವಾಲ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಹಾಗಾಗಿ ನನ್ನ 3 ನಿಮಗೂ 3 ಆಗಬೇಕಿಲ್ಲ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಮಾತ್ರೆಗೂ ಸೋಯಾಗೂ ಕೆಲವು ಗಂಟೆ ಅಂತರ ಇಡಿ. ಸೋಯಾ ಮಾತ್ರೆಯ ಹೀರುವಿಕೆಗೆ ಅಡ್ಡ ಬರುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ಇಂಥದ್ದೇ ಬೆವರು, ಇಂಥದ್ದೇ ಕಾವು. ಆದ್ದರಿಂದ ಒಂದು ರಕ್ತ ಪರೀಕ್ಷೆ ಮೊದಲೇ ಆಗಲಿ. ಸ್ತನ ಕ್ಯಾನ್ಸರ್ ಆಗಿದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಇದ್ಯಾವುದನ್ನೂ ನೋಡುತ್ತಾ ಕೂರದೆ ನೇರ ತೋರಿಸಿ.

ತಂಗಿಗೆ ಹೋದ ತಿಂಗಳಿನಿಂದ ಝಳ ಶುರುವಾಗಿದೆ. ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. "ಅಕ್ಕಾ, ಕಾಳು ನೆನೆಹಾಕಿದ್ದೀನಿ, ನೀರು ಎಷ್ಟು ಹೊತ್ತಿಗೆ ಬದಲಿಸಬೇಕು?"