ಆಪರೇಟರ್ ಮೇಜಿನ ಮೇಲಿದ್ದ ನೋಟ್‌ಬುಕ್

ಅಣೆಕಟ್ಟೆಯ ಕಂಟ್ರೋಲ್ ರೂಮಿಗೆ ನಾನು ಮೊದಲ ಸಲ ಕಾಲಿಟ್ಟಾಗ, ನಾನೇ ಡಿಸೈನ್ ಮಾಡಿದ ಸ್ಕ್ರೀನು ಅಲ್ಲಿ ಆಗಲೇ ಆರು ತಿಂಗಳಿಂದ ಓಡುತ್ತಿತ್ತು. ಅಂದರೆ, ಬಳಸುವವರ ಮುಖ ನೋಡದೆಯೇ ಕೆಲಸ ಮುಗಿಸಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಲ್ಲಿ ಕಂಡದ್ದು ಒಂದು ರೂಲ್ ಹಾಕಿದ ನೋಟ್‌ಬುಕ್. ಆಪರೇಟರ್ ಸ್ಕ್ರೀನ್ ನೋಡುತ್ತಿದ್ದರು, ಆಮೇಲೆ ಪೆನ್ಸಿಲ್‌ನಲ್ಲಿ ಗಂಟೆ, ನೀರಿನ ಮಟ್ಟ, ಯಾವ ಗೇಟು ಎಷ್ಟು ತೆರೆದಿದೆ ಎಂದು ಬರೆದುಕೊಳ್ಳುತ್ತಿದ್ದರು. ‘ಎಲ್ಲಾ ಸ್ಕ್ರೀನ್‌ನಲ್ಲೇ ಇದೆಯಲ್ಲಾ, ಮತ್ತೆ ಯಾಕೆ ಬರೀತೀರಿ?’ ಅಂತ ಕೇಳಿದೆ. ‘ಇದು ಈಗಿನ ನಂಬರೋ, ಬೆಳಗ್ಗೆಯದೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?’ ಅಂದರು.

ಅವರು ಹೇಳಿದ್ದು ಸರಿ. ಸೆನ್ಸರ್‌ನಿಂದ ಡೇಟಾ ಬರುವುದು ನಿಂತರೆ ನಮ್ಮ ಸ್ಕ್ರೀನು ಕೊನೆಯ ನಂಬರನ್ನೇ ದೊಡ್ಡ, ಚೆಂದದ ಅಕ್ಷರದಲ್ಲಿ ತೋರಿಸುತ್ತಾ ಕೂರುತ್ತಿತ್ತು. ಬ್ಯಾಟರಿ ಇಳಿದಿರಬಹುದು, ಸಿಗ್ನಲ್ ಹೋಗಿರಬಹುದು. ಶಬ್ದದ ಅಲೆ ಕಳಿಸಿ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿನ ಬಾಯಿಗೆ ಜೇಡ ಬಲೆ ಕಟ್ಟಿದರೂ ರೀಡಿಂಗ್ ಕೆಡಬಹುದು. ನಂಬರ್ ಮಾತ್ರ ಗಟ್ಟಿಯಾಗಿ ಕೂತಿರುತ್ತಿತ್ತು.

ಊರಿಗೆ ವಾಪಸ್ ಬಂದು ಮಾಡಿದ ಮೊದಲ ಬದಲಾವಣೆ ಇದೇ. ಪ್ರತಿ ನಂಬರಿನ ಕೆಳಗೆ ಅದರ ವಯಸ್ಸು ಹಾಕಿದೆ: ‘4 ನಿಮಿಷದ ಹಿಂದೆ’. ಎರಡು ರೀಡಿಂಗ್ ತಪ್ಪಿದರೆ ನಂಬರ್ ಮಾಸುತ್ತದೆ. ಇನ್ನೂ ತಡವಾದರೆ ನಂಬರೇ ಇಲ್ಲ, ಒಂದು ಅಡ್ಡಗೆರೆ ಅಷ್ಟೇ. ಯಾರಾದರೂ ಅಳತೆಪಟ್ಟಿ ನೋಡಿ ಕೈಯಿಂದ ತುಂಬಿದ್ದರೆ ಪಕ್ಕದಲ್ಲಿ ಪುಟ್ಟ ಪೆನ್ಸಿಲ್ ಗುರುತು. ಖಾಲಿ ಜಾಗ ಕಂಡರೆ ಮೇಲಿನವರು ಬೇಜಾರಾಗುತ್ತಾರೆ ಅಂತ ನಮ್ಮ ತಂಡದಲ್ಲಿ ವಾದ ಆಯಿತು. ಸುಳ್ಳು ನಂಬರಿಗಿಂತ ಅಡ್ಡಗೆರೆ ವಾಸಿ ಅಂತ ನಾನು ಪಟ್ಟು ಹಿಡಿದೆ.

ಒಳಹರಿವಿನ ಕತೆ ಇದಕ್ಕಿಂತ ಜಾಸ್ತಿ ತಲೆನೋವು. ಒಳಹರಿವು ಅಂದರೆ ನದಿಯಲ್ಲಿ ಎಲ್ಲೋ ಮೀಟರ್ ಇಟ್ಟು ಅಳೆದದ್ದು ಅಂತ ನಾನು ಅಂದುಕೊಂಡಿದ್ದೆ. ಬಹಳ ಕಡೆ ಹಾಗಲ್ಲ. ಜಲಾಶಯದಲ್ಲಿ ನೀರು ಎಷ್ಟು ಹೆಚ್ಚಿತು, ಹೊರಗೆ ಎಷ್ಟು ಬಿಟ್ಟೆವು, ಎರಡನ್ನೂ ಕೂಡಿಸಿ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಈಗ ನೂರು ಚದರ ಕಿಲೋಮೀಟರ್ ಹರಡಿದ ನೀರನ್ನು ನೆನೆಸಿಕೊಳ್ಳಿ. ಗಾಳಿಗೆ ಸೆನ್ಸರ್ ಹತ್ತಿರ ಮಟ್ಟ ಬರೀ ಒಂದು ಸೆಂಟಿಮೀಟರ್ ಏರಿತು ಅಂತಿಟ್ಟುಕೊಳ್ಳಿ. ಲೆಕ್ಕದಲ್ಲಿ ಅದು 10 ಲಕ್ಷ ಘನ ಮೀಟರ್ ನೀರು. ಒಂದು ಗಂಟೆಗೆ ಹಂಚಿದರೆ ಸುಮಾರು 9,800 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ! ಮುಂದಿನ ಗಂಟೆ ಗಾಳಿ ತಿರುಗಿದರೆ ಒಳಹರಿವು ಮೈನಸ್. ನಮ್ಮ ಗ್ರಾಫ್ ಇದನ್ನೆಲ್ಲ ಗರಗಸದ ಹಲ್ಲಿನ ಹಾಗೆ ಬರೆಯುತ್ತಿತ್ತು. ನದಿ ಹಿಂದಕ್ಕೆ ಹರಿಯುತ್ತಿದೆ ಅಂತ ಆಪರೇಟರುಗಳು ನಗುತ್ತಿದ್ದರಂತೆ. ಈಗ ಆರು ಗಂಟೆಯ ಸರಾಸರಿಯನ್ನು ದಪ್ಪ ಗೆರೆಯಲ್ಲಿ ತೋರಿಸುತ್ತೇವೆ. ಗಂಟೆ ಗಂಟೆಯ ಲೆಕ್ಕ ಅದರ ಹಿಂದೆ ತಿಳಿಯಾದ ಚುಕ್ಕಿಗಳಾಗಿ ಇರುತ್ತದೆ. ಹೆಸರನ್ನೂ ‘ಒಳಹರಿವು (ಲೆಕ್ಕ ಹಾಕಿದ್ದು)’ ಅಂತ ಬದಲಿಸಿದೆವು. ಸರಾಸರಿ ಹಾಕಿದರೆ ನಿಜವಾದ ಪ್ರವಾಹ ಸ್ವಲ್ಪ ತಡವಾಗಿ ಕಾಣುತ್ತದೆ, ಅದಕ್ಕೇ ಚುಕ್ಕಿಗಳನ್ನು ಅಳಿಸಲಿಲ್ಲ.

ಇನ್ನು ನನ್ನ ಪ್ರೀತಿಯ ಬಕೆಟ್ ಚಿತ್ರ. ಸ್ಕ್ರೀನ್ ನಡುವೆ ನೀಲಿ ನೀರು ತುಂಬುವ ಒಂದು ಬಕೆಟ್ ಬರೆದಿದ್ದೆ. ಅರ್ಧ ಎತ್ತರ ತುಂಬಿದರೆ ಅರ್ಧ ನೀರು ಇದೆ ಅಂತ ನೋಡಿದವರಿಗೆ ಅನಿಸುತ್ತದೆ, ಅಲ್ವಾ? ಆದರೆ ಜಲಾಶಯ ಕಣಿವೆಯಲ್ಲಿ ಕೂತಿರುತ್ತದೆ. ಮೇಲೆ ಹೋದ ಹಾಗೆ ಅಗಲವಾಗುತ್ತದೆ. ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ನೀರು ಹಿಡಿಯುತ್ತದೆ. ಬಕೆಟ್ ತೆಗೆದು ಎರಡು ಪಟ್ಟಿ ಇಟ್ಟೆ, ಒಂದು ಮಟ್ಟಕ್ಕೆ, ಇನ್ನೊಂದು ಸಂಗ್ರಹಕ್ಕೆ. ಕೆಳಗೆ ಒಂದೇ ಸಾಲು: ಇನ್ನೊಂದು ಅಡಿ ಏರಲು ಎಷ್ಟು ನೀರು ಬೇಕು, ಈಗಿನ ಒಳಹರಿವಿನಲ್ಲಿ ಅದಕ್ಕೆ ಎಷ್ಟು ಗಂಟೆ. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಈ ಲೆಕ್ಕ ಆಪರೇಟರುಗಳಿಗೆ ಬಾಯಿಪಾಠ. ಆದರೂ ರಾತ್ರಿ ಮೂರು ಗಂಟೆಗೆ ಭಾಗಾಕಾರ ಮಾಡುವ ಕೆಲಸ ಅವರಿಗೆ ಯಾಕೆ?

ಬೆವರು ಬಂದದ್ದು ಗೇಟಿನ ವಿಷಯದಲ್ಲಿ. ನದಿಯ ಎಡದಂಡೆ, ಬಲದಂಡೆ ಅನ್ನುವುದು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು ಹೇಳುವ ಮಾತು. ನಾನು ಮಾತ್ರ ಅಣೆಕಟ್ಟೆಯನ್ನು ಕೆಳಗಿನಿಂದ, ಫೋಟೋದಲ್ಲಿ ಕಾಣುವ ಹಾಗೆ ಬರೆದಿದ್ದೆ. ಅಂದರೆ ಎಡದಂಡೆಯ ಗೇಟು ಸ್ಕ್ರೀನಿನ ಬಲಗಡೆ! ಅಣಕು ಪರೀಕ್ಷೆಯಲ್ಲಿ ಒಬ್ಬರು ಒಂದನೇ ಗೇಟು ಎತ್ತಲು ಹೋಗಿ ಕೊನೆಯ ಗೇಟಿನ ಮೇಲೆ ಒತ್ತಿದರು. ನಿಜವಾದ ಗೇಟು ಆಗಿದ್ದರೆ? ಚಿತ್ರ ತಿರುಗಿಸಿದೆ, ಎರಡೂ ತುದಿಗೆ ದಂಡೆಯ ಹೆಸರು ಬರೆದೆ, ನೀರು ಹೋಗುವ ಕಡೆಗೆ ಬಾಣ ಹಾಕಿದೆ.

‘ಖಚಿತವೇ?’ ಅಂತ ಕೇಳುವ ಪೆಟ್ಟಿಗೆಯನ್ನೂ ಕಿತ್ತು ಹಾಕಿದೆ. ಅದಕ್ಕೆ ಎಲ್ಲರೂ ಓದದೆ ‘ಹೌದು’ ಒತ್ತುತ್ತಾರೆ, ನಾನೂ ಒತ್ತುತ್ತೇನೆ. ಬದಲಿಗೆ ಈಗ ಹೀಗೆ ಬರುತ್ತದೆ: ‘ಗೇಟು 4: 0.5 ಮೀಟರ್‌ನಿಂದ 1 ಮೀಟರ್‌ಗೆ. ಹೊರಹರಿವು 8,000ದಿಂದ 11,500 ಕ್ಯುಸೆಕ್ ಆಗುತ್ತದೆ. ಕೆಳಗಿನ ಸೇತುವೆಗೆ ಸುಮಾರು 2 ಗಂಟೆಯಲ್ಲಿ ತಲುಪುತ್ತದೆ.’ ಘಟಕವನ್ನು ಪ್ರತಿ ಸಲ ಪೂರ್ತಿ ಬರೆಯುತ್ತೇವೆ. ಕ್ಯುಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್) ಅನ್ನು ಕ್ಯುಸೆಕ್ ಅಂತ ಓದಿಬಿಟ್ಟರೆ 35 ಪಟ್ಟು ವ್ಯತ್ಯಾಸ.

ಅಲಾರಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮದು ಕೆಂಪು, ಹಳದಿ, ಕಿತ್ತಳೆ ಮಿಣುಕುವ ಜಾತ್ರೆ ಆಗಿತ್ತು. 1999ರಲ್ಲಿ ಮೊದಲು ಬಂದ ಇಇಎಂಯುಎ 191 ಎಂಬ ಅಲಾರಂ ವ್ಯವಸ್ಥೆಗಳ ಮಾರ್ಗದರ್ಶಿ, ಒಬ್ಬ ಆಪರೇಟರ್‌ಗೆ ಸರಾಸರಿ ಹತ್ತು ನಿಮಿಷಕ್ಕೆ ಒಂದಕ್ಕಿಂತ ಕಡಿಮೆ ಅಲಾರಂ ಇರಲಿ ಅನ್ನುತ್ತದೆ. ಅದನ್ನು ಹಿಡಿದು ಕತ್ತರಿಸುತ್ತಾ ಹೋದೆವು. ಈಗ ಹಿನ್ನೆಲೆ ಪೂರ್ತಿ ಬೂದು. ಬಣ್ಣ ಕಂಡರೆ ಏನೋ ಆಗಿದೆ ಅಂತ ಅರ್ಥ. ಡೆಮೊ ನೋಡಿದವರು ‘ಸಪ್ಪೆ’ ಅಂದರು, ರಾತ್ರಿ ಪಾಳಿಯವರು ಅನ್ನಲಿಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ನೋಟ್‌ಬುಕ್ ಅಲ್ಲೇ ಇತ್ತು. ಮಟ್ಟ, ಗಂಟೆ ಬರೆಯುವುದನ್ನು ಬಿಟ್ಟಿದ್ದರು. ಕೊನೆಯ ಸಾಲಿನಲ್ಲಿ ‘4ನೇ ಗೇಟು ಇಳಿಸುವಾಗ ಕಿರ್ ಅಂತಿದೆ, ಗ್ರೀಸ್ ಹಾಕಿಸಬೇಕು’ ಅಂತಿತ್ತು. ಅಂಥದ್ದಕ್ಕೇ ಅಂತ ಸ್ಕ್ರೀನ್‌ನಲ್ಲಿ ಟಿಪ್ಪಣಿ ಜಾಗ ಇಟ್ಟಿದ್ದೇನೆ. ತೆರೆದು ನೋಡಿದರೆ ಪೂರ್ತಿ ಖಾಲಿ. ‘ಇಲ್ಲಿ ಯಾಕೆ ಬರೆಯಲ್ಲ?’ ಅಂತ ಕೇಳಿದೆ. ‘ಕೈಯಲ್ಲಿ ಗ್ರೀಸ್ ಇರುತ್ತೆ ಸಾರ್, ಕೀಬೋರ್ಡ್ ಹಾಳಾಗುತ್ತೆ’ ಅಂದರು.