ಸ್ಟ್ಯಾಟಿಸ್ಟಿಕ್ಸ್ ಓದುವವರು ಗಣಿತದ ಸಮ್ಮರ್ ಸ್ಕೂಲ್‌ಗೆ ಹೋಗುವ ಮುಂಚೆ

ಮೊದಲ ದಿನ, ಎರಡನೇ ಕ್ಲಾಸು. ಮೇಷ್ಟ್ರು ನನ್ನ ಕಡೆ ಬೆರಳು ತೋರಿಸಿ ಸುಪ್ರೀಮಮ್ ಅಂದರೇನು ಅಂತ ಕೇಳಿದರು. ಸೆಟ್‌ನಲ್ಲಿರುವ ಅತಿ ದೊಡ್ಡ ಸಂಖ್ಯೆ ಅಂದೆ. ಅವರು ಏನೂ ಹೇಳದೆ ಬೋರ್ಡ್ ಮೇಲೆ 0, 1/2, 2/3, 3/4 ಅಂತ ಬರೆದು, ಇದು ಹೀಗೇ ಹೋಗುತ್ತದೆ, ಇದರಲ್ಲಿ ಅತಿ ದೊಡ್ಡದು ಯಾವುದು ಹೇಳು ಅಂದರು. 1 ಅಂತ ಬಾಯಿಗೆ ಬಂತು, ಆದರೆ 1 ಆ ಸಾಲಿನಲ್ಲಿ ಯಾವತ್ತೂ ಬರುವುದೇ ಇಲ್ಲ. ಸುಪ್ರೀಮಮ್ ಅಂದರೆ ಸೆಟ್‌ನ ಯಾವ ಸಂಖ್ಯೆಯೂ ದಾಟದ ಮಿತಿಗಳಲ್ಲಿ ಅತಿ ಚಿಕ್ಕದು, ಅದು ಸೆಟ್‌ನೊಳಗೇ ಇರಬೇಕೆಂದಿಲ್ಲ. ನಾಲ್ಕು ಸೆಮಿಸ್ಟರ್ ತೊಂಬತ್ತರ ಮೇಲೆ ಮಾರ್ಕ್ಸ್ ತೆಗೆದಿದ್ದ ನಾನು ಸುಮ್ನೆ ನಿಂತೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿ.ಎಸ್ಸಿ.ಯಲ್ಲಿ ಮ್ಯಾಥ್ಸ್ ಜೊತೆ ಸ್ಟ್ಯಾಟ್ಸ್ ತೆಗೆದುಕೊಂಡು, ಮನಸ್ಸೆಲ್ಲ ಸ್ಟ್ಯಾಟ್ಸ್ ಮೇಲೇ ಇದ್ದು, ಆದರೂ ಒಂದು ಬೇಸಿಗೆ ಗಣಿತದ ಶಿಬಿರಕ್ಕೆ ಹೋಗೋಣವಾ ಅಂತ ಯೋಚಿಸುತ್ತಿರುವವರಿಗೆ ಇದು.

ನಾನು ಹೋಗಿದ್ದು ಎಂಟಿಟಿಎಸ್‌ಗೆ, ಅಂದರೆ ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್ ಶಿಬಿರಕ್ಕೆ. 1993ರಲ್ಲಿ ಪ್ರೊಫೆಸರ್ ಎಸ್. ಕುಮರೇಶನ್ ಅವರ ಮುಂದಾಳತ್ವದಲ್ಲಿ ಶುರುವಾದ ಕಾರ್ಯಕ್ರಮ. ಅಣುಶಕ್ತಿ ಇಲಾಖೆಯ ಕೆಳಗಿರುವ ಎನ್‌ಬಿಎಚ್‌ಎಂ, ಅಂದರೆ ಉನ್ನತ ಗಣಿತಕ್ಕಾಗಿ ಇರುವ ರಾಷ್ಟ್ರೀಯ ಮಂಡಳಿ, ಇದರ ಬೆನ್ನಿಗಿದೆ. ಬೇಸಿಗೆ ರಜೆಯಲ್ಲಿ ನಾಲ್ಕು ವಾರ. ಡಿಗ್ರಿ ಎರಡನೇ ವರ್ಷದವರು, ಮೂರನೇ ವರ್ಷದವರು, ಎಂ.ಎಸ್ಸಿ. ಮೊದಲ ವರ್ಷದವರು ಅಂತ ಮೂರು ಹಂತ ಇರುತ್ತದೆ. ಇಲ್ಲಿ ಪರೀಕ್ಷೆ ಬರೆದು ರ‍್ಯಾಂಕ್ ತೆಗೆಯುವ ಗೊಡವೆ ಇಲ್ಲ. ಮೇಷ್ಟ್ರು ಕೇಳುತ್ತಾರೆ, ನೀವು ತಪ್ಪು ಹೇಳುತ್ತೀರಿ, ಅವರು ಮತ್ತೆ ಕೇಳುತ್ತಾರೆ. ಇಡೀ ಶಿಬಿರ ಇಷ್ಟೇ.

ಅರ್ಜಿ ವಿಷಯ ಬೇಗ ಮುಗಿಸುತ್ತೇನೆ. ಸಮ್ಮರ್ ಸ್ಕೂಲ್ ಅಂತ ಏಪ್ರಿಲ್‌ನಲ್ಲಿ ಹುಡುಕಲು ಕೂತರೆ ಕೆಲಸ ಕೆಟ್ಟಿತು, ಹೊಸ ವರ್ಷ ಬರುವ ಹೊತ್ತಿಗೇ ಕಣ್ಣಿಟ್ಟಿರಿ. ಗೊತ್ತಿರುವ ಲೆಕ್ಚರರ್ ಹತ್ತಿರ ಶಿಫಾರಸು ಪತ್ರ ಬೇಕಾಗುತ್ತದೆ. ಎಚ್‌ಒಡಿ ಅನ್ನುವ ಒಂದೇ ಕಾರಣಕ್ಕೆ, ನಿಮ್ಮ ಹೆಸರೂ ನೆನಪಿಲ್ಲದವರ ಹತ್ತಿರ ಬರೆಸಬೇಡಿ. ಕ್ಲಾಸ್ ಮುಗಿದ ಮೇಲೆ ನೀವು ಯಾರ ಹಿಂದೆ ಡೌಟ್ ಕೇಳಿಕೊಂಡು ಹೋಗುತ್ತೀರೋ ಅವರಿಂದ ಬರೆಸಿ. ಇನ್ನು ನಮ್ಮ ಯೂನಿವರ್ಸಿಟಿಗಳ ಸೆಮಿಸ್ಟರ್ ಪರೀಕ್ಷೆ ಯಾವಾಗ ಮುಂದಕ್ಕೆ ಹೋಗುತ್ತದೋ ದೇವರಿಗೇ ಗೊತ್ತು. ಟೈಂಟೇಬಲ್ ಶಿಬಿರದ ದಿನಗಳ ಮೇಲೆ ಬಂದು ಕೂತರೆ ತಡಮಾಡದೆ ಎರಡೂ ಕಡೆ ತಿಳಿಸಿ.

ಈಗ ನಿಜವಾದ ವಿಷಯ. ನಮಗೆ ಲೆಕ್ಕ ಮಾಡುವ ಅಭ್ಯಾಸ ಜಾಸ್ತಿ, ಡೆಫಿನಿಷನ್ ಕಡಿಮೆ. ಟೇಬಲ್ ನೋಡುತ್ತೇವೆ, ಆರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬರೆಯುತ್ತೇವೆ, ಪಿ ವ್ಯಾಲ್ಯೂ ಬರುತ್ತದೆ, ಮುಂದಕ್ಕೆ ಹೋಗುತ್ತೇವೆ. ಅಲ್ಲಿ ಅದು ನಡೆಯುವುದಿಲ್ಲ. ಹೋಗುವ ಮುಂಚಿನ ಎರಡು ವಾರ ಹೊಸ ಅಧ್ಯಾಯಗಳನ್ನೇನೂ ಓದಬೇಡಿ. ಒಂದು ಸೀಕ್ವೆನ್ಸ್ ಕನ್ವರ್ಜ್ ಆಗುವುದು ಅಂದರೇನು, ಕಂಟಿನ್ಯುಟಿ ಅಂದರೇನು, ಲೀನಿಯರ್ ಇಂಡಿಪೆಂಡೆನ್ಸ್ ಅಂದರೇನು, ಇಂಥ ಹತ್ತೇ ಹತ್ತು ಡೆಫಿನಿಷನ್‌ಗಳನ್ನು ಪುಸ್ತಕ ಮುಚ್ಚಿ ಬರೆಯಿರಿ. ಪ್ರತಿಯೊಂದಕ್ಕೂ ಹೊಂದುವ ಒಂದು ಉದಾಹರಣೆ, ಹೊಂದದ ಒಂದು ಉದಾಹರಣೆ ಪಕ್ಕದಲ್ಲಿ ಇರಲಿ. ಆಮೇಲೆ ಆ ಡೆಫಿನಿಷನ್ನಿನ ಉಲ್ಟಾ ಬರೆಯಿರಿ. 'ಕನ್ವರ್ಜ್ ಆಗುವುದಿಲ್ಲ' ಅನ್ನುವುದನ್ನು 'ಪ್ರತಿಯೊಂದು', 'ಯಾವುದೋ ಒಂದು' ಅನ್ನುವ ಪದಗಳನ್ನು ಎಲ್ಲಿ ಬದಲಿಸಬೇಕೋ ಅಲ್ಲಿ ಸರಿಯಾಗಿ ಬದಲಿಸಿ ಬರೆಯಲು ಬಂದರೆ ಮೊದಲ ವಾರ ನೀವು ಬಚಾವ್.

ಪದಗಳ ಒಂದು ತಮಾಷೆಯೂ ಇದೆ. ಹೈಪಾಥಿಸಿಸ್ ಅಂದರೆ ನಮಗೆ ಟೆಸ್ಟ್ ಮಾಡುವ ವಸ್ತು, ಅವರಿಗೆ ಥಿಯರಂನಲ್ಲಿ ಮೊದಲೇ ಒಪ್ಪಿಕೊಂಡ ಷರತ್ತು. ನಾರ್ಮಲ್ ಅಂದರಂತೂ ನಮಗೆ ಗಂಟೆಯಾಕಾರದ ಕರ್ವ್ ಬಿಟ್ಟು ಬೇರೇನೂ ನೆನಪಾಗಲ್ಲ. ಅಲ್ಲಿ ನಾರ್ಮಲ್ ವೆಕ್ಟರ್, ನಾರ್ಮಲ್ ಮ್ಯಾಟ್ರಿಕ್ಸ್, ನಾರ್ಮಲ್ ಸಬ್‌ಗ್ರೂಪ್, ಒಂದಕ್ಕೊಂದು ಸಂಬಂಧವೇ ಇಲ್ಲದವು.

ಹಾಗಂತ ನೀವು ಬರಿಗೈಯಲ್ಲಿ ಹೋಗುತ್ತಿಲ್ಲ. ಅಲ್ಲಿ ಪ್ರತಿ ಪ್ರಶ್ನೆಗೂ ಪ್ರತ್ಯುದಾಹರಣೆ ಕೇಳುತ್ತಾರೆ, ಅದನ್ನು ಹುಡುಕುವ ಚಾಳಿ ನಮಗೆ ಆಗಲೇ ಇದೆ. ಎಕ್ಸ್ ಅನ್ನುವುದು -1, 0, 1 ಈ ಮೂರನ್ನು ಸಮ ಸಂಭವದಲ್ಲಿ ತೆಗೆದುಕೊಳ್ಳಲಿ, ವೈ ಅದರ ವರ್ಗ. ಕೋರಿಲೇಷನ್ ಸೊನ್ನೆ, ಆದರೆ ಎಕ್ಸ್ ಗೊತ್ತಾದರೆ ವೈ ಪೂರಾ ಗೊತ್ತು. ಇದನ್ನು ನಾವು ಎರಡನೇ ಸೆಮ್‌ನಲ್ಲೇ ಮಾಡಿದ್ದೇವೆ, ಅಲ್ವಾ? ಇಂಥವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಉಪಯೋಗಕ್ಕೆ ಬರುತ್ತವೆ.

ಇನ್ನು, ಪ್ರತಿ ರಾತ್ರಿ ಒಂದು ಕೆಲಸ ಮಾಡಿ. ಆ ದಿನ ಕಲಿತದ್ದರಲ್ಲಿ ಒಂದನ್ನು ತೆಗೆದುಕೊಂಡು, ನಮ್ಮ ಸ್ಟ್ಯಾಟ್ಸ್‌ನಲ್ಲಿ ಇದು ಎಲ್ಲಿ ಅಡಗಿದೆ ಅಂತ ಹುಡುಕಿ. ನನಗೆ ಸಿಕ್ಕಿದ್ದು ಹೇಳುತ್ತೇನೆ. ಸ್ಯಾಂಪಲ್ ವೇರಿಯನ್ಸ್‌ನಲ್ಲಿ ಎನ್ ಬದಲು ಎನ್ ಮೈನಸ್ 1ರಿಂದ ಯಾಕೆ ಭಾಗಿಸುತ್ತೇವೆ ಅಂತ ಕೇಳಿದರೆ 'ಡಿಗ್ರೀಸ್ ಆಫ್ ಫ್ರೀಡಂ' ಅಂತ ಗಿಳಿಪಾಠ ಒಪ್ಪಿಸುತ್ತಿದ್ದೆ. ಲೀನಿಯರ್ ಆಲ್ಜೀಬ್ರಾ ಕ್ಲಾಸಿನಲ್ಲಿ ಪ್ರೊಜೆಕ್ಷನ್ ಮಾಡಿದ ದಿನ ರಾತ್ರಿ ಮೂರೇ ಮೂರು ಡೇಟಾ ಇಟ್ಟುಕೊಂಡು ಚಿತ್ರ ಬರೆದೆ. ಮೂರು ಸಂಖ್ಯೆ ಅಂದರೆ ಜಾಗದಲ್ಲಿ ಒಂದು ಬಿಂದು. ಆ ಬಿಂದುವಿನಿಂದ (1, 1, 1) ದಿಕ್ಕಿನ ಗೆರೆಗೆ ಲಂಬ ಎಳೆದರೆ ಅದು ಹೋಗಿ ಮುಟ್ಟುವ ಜಾಗವೇ ಮೀನ್. ಉಳಿದ ಭಾಗ, ಅಂದರೆ ಪ್ರತಿ ಸಂಖ್ಯೆಯಿಂದ ಮೀನ್ ಕಳೆದು ಬಂದದ್ದು, ಆ ಗೆರೆಗೆ ಲಂಬವಾಗಿರುವ ಸಮತಲದಲ್ಲೇ ಬಿದ್ದಿರುತ್ತದೆ. ಮೂರು ಸಂಖ್ಯೆಗೆ ಎರಡು ಆಯಾಮ, ಎನ್ ಸಂಖ್ಯೆಗೆ ಎನ್ ಮೈನಸ್ 1. ಎರಡು ವರ್ಷ ಬಾಯಿಪಾಠ ಮಾಡಿದ್ದು ಒಂದು ಪೆನ್ಸಿಲ್ ಚಿತ್ರದಲ್ಲಿ ಇತ್ತು! ಕೋರಿಲೇಷನ್ ಅಂದರೆ ಹೀಗೆ ಮೀನ್ ಕಳೆದ ಎರಡು ವೆಕ್ಟರ್‌ಗಳ ನಡುವಿನ ಕೋನದ ಕೊಸೈನ್, ಅದು -1 ಮತ್ತು 1ರ ಆಚೆ ಹೋಗದಂತೆ ಹಿಡಿದಿರುವುದು ಕೋಶಿ–ಶ್ವಾರ್ಟ್ಸ್ ಅಸಮತೆ ಅನ್ನುವುದೂ ಅದೇ ರಾತ್ರಿ ತಲೆಗೆ ಹೋಯಿತು.

ಮರುದಿನ ಜಂಬದಿಂದ ಕ್ಲಾಸಿನಲ್ಲಿ ಕೋವೇರಿಯನ್ಸ್ ಒಂದು ಇನ್ನರ್ ಪ್ರಾಡಕ್ಟ್, ಅಂದರೆ ವೆಕ್ಟರ್‌ಗಳ ಉದ್ದ, ಕೋನ ಅಳೆಯುವ ಗುಣಾಕಾರ, ಅಂತ ಹೇಳಿಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು, ಹಾಗಾದರೆ ವೇರಿಯನ್ಸ್ ಸೊನ್ನೆ ಅಂದರೆ ಆ ವೇರಿಯಬಲ್ಲೇ ಸೊನ್ನೆ ಆಗಬೇಕಲ್ಲ, ಯಾವಾಗಲೂ 5 ಇರುವ ಕಾನ್‌ಸ್ಟಂಟ್ ಬಂದರೆ ಏನು ಮಾಡುತ್ತೀಯ? ಸರಿಯಾಗಿ ಸಿಕ್ಕಿಬಿದ್ದಿದ್ದೆ. ಮೀನ್ ಸೊನ್ನೆ ಇರುವ ವೇರಿಯಬಲ್‌ಗಳನ್ನು ಮಾತ್ರ ಇಟ್ಟುಕೊಳ್ಳಬೇಕು, ಅಷ್ಟಾದರೂ 'ಸೊನ್ನೆ' ಅನ್ನುವುದನ್ನು 'ಪ್ರಾಬಬಿಲಿಟಿ 1ರಲ್ಲಿ ಸೊನ್ನೆ' ಅಂತ ಓದಬೇಕು ಅಂತ ಹೊಳೆಯಲು ಒಂದು ಸಂಜೆ ಪೂರ್ತಿ ಹಿಡಿಯಿತು. ಇಂಥ ಪಕ್ಕದವರು ಸಿಕ್ಕರೆ ಬಿಡಬೇಡಿ. ಊಟಕ್ಕೂ ಅವರ ಜೊತೆಗೇ ಕೂತುಕೊಳ್ಳಿ.

ಕರ್ನಾಟಕದ ನಾವೆಲ್ಲ ಒಂದು ರೂಮಿನಲ್ಲಿ ಸೇರಿಕೊಂಡು ಕನ್ನಡದಲ್ಲಿ ಹರಟುವ ಆಸೆ ಆಗುತ್ತದೆ, ತಪ್ಪೇನಿಲ್ಲ. ನಿಜ ಹೇಳಬೇಕೆಂದರೆ ಕನ್ವರ್ಜ್ ಆಗುವುದರ ಡೆಫಿನಿಷನ್‌ನಲ್ಲಿ ಬರುವ ಎಪ್ಸಿಲಾನ್ ನನಗೆ ಅರ್ಥವಾಗಿದ್ದೇ ಕನ್ನಡದಲ್ಲಿ. 'ನೀನು ಎಷ್ಟು ಸಣ್ಣ ಅಂತರ ಬೇಕಾದ್ರೂ ಕೇಳು, ನಾನು ಅದಕ್ಕೆ ತಕ್ಕ ಜಾಗ ತೋರಿಸ್ತೀನಿ, ಅಲ್ಲಿಂದಾಚೆ ಎಲ್ಲಾ ಅದರೊಳಗೇ' ಅಂತ ದಾವಣಗೆರೆಯ ಗೆಳೆಯನೊಬ್ಬ ಚೌಕಾಸಿ ಮಾಡುವ ಹಾಗೆ ಹೇಳಿಕೊಟ್ಟ. ಸ್ಯಾಂಪಲ್ ದೊಡ್ಡದಾದಷ್ಟೂ ಅದರ ಸರಾಸರಿ ನಿಜವಾದ ಮೀನ್ ಹತ್ತಿರ ಹೋಗುತ್ತದೆ ಅನ್ನುವ ಲಾ ಆಫ್ ಲಾರ್ಜ್ ನಂಬರ್ಸ್ ಕೂಡ ಇದೇ ಚೌಕಾಸಿ, ಪ್ರಾಬಬಿಲಿಟಿ ಒಂದು ಜಾಸ್ತಿ. ಆದರೆ ಕ್ಲಾಸಿನಲ್ಲಿ ಇಂಗ್ಲಿಷೇ ನಡೆಯುವುದು. ಒಡ್ಡೊಡ್ಡಾಗಿ ಬಂದರೂ ಬಾಯಿ ಬಿಡಿ, ವ್ಯಾಕರಣ ಯಾರೂ ನೋಡಲ್ಲ.

ಸಣ್ಣಪುಟ್ಟ ಸಾಮಾನು: ಬಿಳಿ ಹಾಳೆ ಜಾಸ್ತಿ, ಒಂದು ಬೀಗ, ಸೊಳ್ಳೆ ಬತ್ತಿ, ಅಮ್ಮನ ಉಪ್ಪಿನಕಾಯಿ. ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ನಾನು ಒಯ್ದೆ, ಒಂದು ಪ್ರೂಫ್ ಹೊಳೆಯದೆ ಇದ್ದಾಗ ಉತ್ತರ ಹುಡುಕಿ ನೋಡಿದೆ, ಮರುದಿನ ಬೋರ್ಡ್ ಹತ್ತಿರ ಕರೆದರು. ಎರಡನೇ ಸಾಲಿಗೇ ಬಂಡವಾಳ ಬಯಲಾಯಿತು. ಆ ದಿನದಿಂದ ಅದು ಸೂಟ್‌ಕೇಸ್‌ನಲ್ಲೇ ಇತ್ತು.

ಎರಡನೇ ವಾರ ಕಷ್ಟ. ಹೊಸತನ ಮುಗಿದಿರುತ್ತದೆ, ಅರ್ಥವಾಗುವುದು ಇನ್ನೂ ಶುರುವಾಗಿರಲ್ಲ. ಮನೆಗೆ ಹೋಗಿಬಿಡೋಣ ಅನ್ನಿಸುತ್ತದೆ. ಆ ವಾರ ಎಲ್ಲ ವಿಷಯವನ್ನೂ ಹಿಡಿಯಲು ಹೋಗಬೇಡಿ. ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜೀಬ್ರಾ ಕೈಬಿಡಬೇಡಿ, ನಮ್ಮ ದಾರಿಗೆ ಬೇಕಾಗುವುದು ಇವೆರಡೇ. ಗ್ರೂಪ್ ಥಿಯರಿ ಸ್ವಲ್ಪ ಹಿಂದೆ ಬಿದ್ದರೂ ಲೋಕ ಮುಳುಗಲ್ಲ. ಅಲ್ಲಿನ ಮೇಷ್ಟ್ರು ಇದನ್ನು ಓದಿದರೆ ನನಗೆ ಬೈಯುತ್ತಾರೆ, ಬೈಯಲಿ.

ವಾಪಸ್ ಬಂದ ವಾರದಲ್ಲೇ ನೋಟ್ಸ್ ಇನ್ನೊಮ್ಮೆ ಬರೆಯಿರಿ. ಜೂನ್ ಮಳೆ ಹಿಡಿದ ಮೇಲೆ ನಿಮ್ಮ ಕೈಬರಹ ನಿಮಗೇ ಅರ್ಥವಾಗಲ್ಲ. ಆಮೇಲೆ ಇನ್ಫರೆನ್ಸ್ ಪುಸ್ತಕ ತೆಗೆದು, 'ತೋರಿಸಬಹುದು' ಅಂತ ಹೇಳಿ ಪ್ರೂಫ್ ಹಾರಿಸಿರುವ ಕಡೆಯಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನನ್ನ ಪುಸ್ತಕದಲ್ಲಿ 41 ಕಡೆ ಸಿಕ್ಕಿತು. ಇಲ್ಲಿಯವರೆಗೆ 11 ಅಳಿಸಿದ್ದೇನೆ.