ಲಿಂಕನ್ ಟಾಪು ಎಲ್ಲಿ ನಿಂತಿತು ಅಂತ ಮೊದಲು ನೋಡಿ

1961ರ ಲಿಂಕನ್ ಕಾಂಟಿನೆಂಟಲ್ ಕನ್ವರ್ಟಿಬಲ್ ತಗೊಂಡಾಗ ಎಂಜಿನ್ನಿನ ಬಗ್ಗೆ ನನಗೆ ಚಿಂತೆ ಇರಲಿಲ್ಲ. 430 ಕ್ಯೂಬಿಕ್ ಇಂಚಿನ ವಿ8, ಅಂದರೆ ಹತ್ತಿರ ಹತ್ತಿರ 7 ಲೀಟರ್. ಟ್ಯಾಂಕು, ಕಾರ್ಬ್ಯುರೇಟರ್ ತೊಳೆದ ಮೇಲೆ ಸ್ಟಾರ್ಟ್ ಆಯಿತು. ತಳದ ತುಕ್ಕು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಅಲ್ಲಿ ಜಿಪುಣತನ ಮಾಡುವ ಹಾಗಿಲ್ಲ.

ಜೀವ ಹಿಂಡಿದ್ದು ಟಾಪು, ಅಂದರೆ ಮಡಚುವ ಛಾವಣಿ. ಸ್ವಿಚ್ ಒತ್ತಿದರೆ ಡಿಕ್ಕಿಯ ಲಾಕ್ ಬಿಚ್ಚಬೇಕು, ಮುಚ್ಚಳ ಹಿಂದಕ್ಕೆ ಏಳಬೇಕು, ಮುಂದಿನ ಗ್ಲಾಸಿನ ಮೇಲಿನ ಲಾಕ್ ಬಿಡಬೇಕು, ಟಾಪು ಮಡಚಿಕೊಂಡು ಡಿಕ್ಕಿಯೊಳಗೆ ಮಲಗಬೇಕು, ಆಮೇಲೆ ಮುಚ್ಚಳ ಮುಚ್ಚಬೇಕು. ಒಂದು ಕೆಲಸ ಮುಗಿಯಿತು ಅಂತ ಲಿಮಿಟ್ ಸ್ವಿಚ್ ಹೇಳಿದರೆ ಮಾತ್ರ ಮುಂದಿನ ಕೆಲಸಕ್ಕೆ ಕರೆಂಟ್ ಬಿಡುವ ರಿಲೇ ಎಳೆಯುತ್ತದೆ. ಒಂದು ಸ್ವಿಚ್ ಮೌನವಾದರೆ ಎಲ್ಲವೂ ಅಲ್ಲೇ ನಿಲ್ಲುತ್ತದೆ.

ಆಯಿಲ್ ಸೋರದಿದ್ದರೆ ಟಾಪು ಎತ್ತುವ ಆಯಿಲ್ ಪಂಪು, ಸಿಲಿಂಡರ್ ಬಿಚ್ಚಲು ಹೋಗಬೇಡಿ. ಟಾಪು ಎಲ್ಲಿ ನಿಂತಿತು ನೋಡಿ. ಅದಕ್ಕಿಂತ ಹಿಂದಿನ ಕೆಲಸದ ಸ್ವಿಚ್ಚಿಗೆ ಟೆಸ್ಟ್ ಲ್ಯಾಂಪ್ ಇಡಿ. ನನ್ನ ಕಾರಿನಲ್ಲಿ ಮುಚ್ಚಳ ಪೂರ್ತಿ ಎದ್ದು ನಿಂತುಬಿಡುತ್ತಿತ್ತು. ಕೀಲಿನ ಹತ್ತಿರದ ಸ್ವಿಚ್ ನೋಡಿದರೆ ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದಿತ್ತು, ಒತ್ತುವ ಗುಂಡಿ ಗಟ್ಟಿಯಾದ ಗ್ರೀಸಿನಲ್ಲಿ ಅಂಟಿಕೊಂಡಿತ್ತು. ಕ್ಲೀನರ್ ಹೊಡೆದು, ಸಣ್ಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಆಮೇಲೆ ಪ್ರತಿ ರಿಲೇಯ ಅರ್ತ್ ಜಾಗವನ್ನೂ ಪೇಂಟ್ ಕೆರೆದು ಬಿಗಿ ಮಾಡಿದೆ. ಹೊಸ ಪೇಂಟ್ ಹೊಡೆದ ಕಾರುಗಳಲ್ಲಿ ಈ ತೊಂದರೆ ಜಾಸ್ತಿ, ಯಾಕಂದ್ರೆ ಬೋಲ್ಟಿನ ಕೆಳಗೂ ಪೇಂಟ್ ಕೂತಿರುತ್ತದೆ. ಬ್ಯಾಟರಿ ಸೋತಿದ್ದರೆ ಒಳ್ಳೆಯ ರಿಲೇ ಕೂಡ ಟಕಟಕ ಅನ್ನುತ್ತದೆ, ಹಾಗಾಗಿ ಪರೀಕ್ಷೆ ಮಾಡುವಾಗ ಚಾರ್ಜರ್ ಹಾಕಿಯೇ ಇರಲಿ. ಮಡಚುವ ಸಲಾಕೆಗಳ ನಡುವೆ ಮಾತ್ರ ಕೈ ಇಡಬೇಡಿ.

ಹೊಸ ಬಟ್ಟೆ ಕೊನೆಗೆ. ಬರೀ ಸಲಾಕೆಗಳೇ ಸಲೀಸಾಗಿ ಏರಿಳಿಯುವ ತನಕ ಟಾಪಿನ ಬಟ್ಟೆಗೆ ದುಡ್ಡು ಸುರಿಯುವುದು ದಂಡ.

ಈ ಕಾರಿನ ಎಲ್ಲ ಕಡೆ ಇಂಥ ಕಿತಾಪತಿ ಇದೆ. ಹಿಂದಿನ ಬಾಗಿಲು ಹಿಂದಕ್ಕೇ ತೆರೆಯುತ್ತದೆ, ತೆರೆದಾಗ ಅದರ ಗ್ಲಾಸು ತಾನಾಗೇ ಸ್ವಲ್ಪ ಇಳಿಯುತ್ತದೆ. ಮಧ್ಯೆ ಕಂಬ ಇಲ್ಲವಲ್ಲ, ಇಳಿಯದಿದ್ದರೆ ಮುಂದಿನ ಬಾಗಿಲಿನ ಗ್ಲಾಸಿನ ರಬ್ಬರಿಗೆ ಉಜ್ಜುತ್ತದೆ. ವೈಪರಿಗೂ ಕರೆಂಟ್ ಮೋಟಾರ್ ಇಲ್ಲ, ಪವರ್ ಸ್ಟೀರಿಂಗ್ ಪಂಪಿನ ಆಯಿಲ್ ಒತ್ತಡದಿಂದಲೇ ಓಡುತ್ತದೆ. ಸುಮ್ನೆ ಒಂದು ಮೋಟಾರ್ ಹಾಕಬಹುದಿತ್ತು, ಅಲ್ವಾ?

ಮಿಶಿಗನ್‌ನಲ್ಲಿ ಇದನ್ನು ಹೊರಗೆ ತೆಗೆದರೆ ಜನ ಕೇಳುವುದು ಒಂದೇ: "ಕೆನಡಿ ಕಾರಾ?" ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ ಅವರದೂ 1961ರ ಕಾಂಟಿನೆಂಟಲ್ಲೇ, ಆದರೆ ಕತ್ತರಿಸಿ ಉದ್ದ ಮಾಡಿದ್ದು. ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ನಮ್ಮದು ಪಿಕ್ನಿಕ್ಕಿಗೆ ಹೋಗುತ್ತದೆ. ಟಾಪು ಇಳಿಸಿದರೆ ಡಿಕ್ಕಿಯಲ್ಲಿ ಜಾಗವೇ ಉಳಿಯುವುದಿಲ್ಲ, ಪುಳಿಯೋಗರೆ ಡಬ್ಬಿಗೆ ಹಿಂದಿನ ಸೀಟೇ ಗತಿ.